ಹತ್ತು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಧರ್ಮ

ಧರ್ಮದ ಎಲ್ಲೆ ಯಾವುದೆಂದು ಆಚಾರ್ಯರು ತಲೆಮಾರುಗಟ್ಟಲೆ ವಾದಿಸಿ ದಣಿದರು. ಜಿಎಸ್‌ಟಿಯ ಒಂದು ಅಧಿಸೂಚನೆ ಅದನ್ನು ಎರಡು ಸಾಲಿನಲ್ಲಿ ಬಗೆಹರಿಸಿಬಿಟ್ಟಿತು. ನೋಂದಾಯಿತ ಧಾರ್ಮಿಕ ಟ್ರಸ್ಟೊಂದು ದೇವಸ್ಥಾನದ ಆವರಣದಲ್ಲಿರುವ ಕಲ್ಯಾಣ ಮಂಟಪವನ್ನು ದಿನಕ್ಕೆ 9,999 ರೂಪಾಯಿಗೆ ಬಾಡಿಗೆ ಕೊಟ್ಟರೆ ತೆರಿಗೆ ಇಲ್ಲ. 10,000 ತೆಗೆದುಕೊಂಡರೆ ಇದೆ. ಅದೇ ಮಂಟಪ, ಅದೇ ಮುಹೂರ್ತ, ಅದೇ ದೇವರು. ಆ ಒಂದು ರೂಪಾಯಿ ಬೀಳುವ ತನಕ ಅದು ಸೇವೆ, ಬಿದ್ದ ಮೇಲೆ ವ್ಯಾಪಾರ. ಯಾತ್ರಿಕರ ಕೋಣೆಗೂ ಇದೇ ನ್ಯಾಯ: 999ಕ್ಕೆ ಉಳಿದುಕೊಂಡವನು ಭಕ್ತ, 1,000 ಕೊಟ್ಟವನು ಗಿರಾಕಿ. ಮಂಟಪದ ಚೀಟಿಯಲ್ಲಿ 9,999 ಬರೆದು, ಕುರ್ಚಿ, ಪಾತ್ರೆ, ಜನರೇಟರ್, ಕಸ ಗುಡಿಸಿದ ಕೂಲಿಗೆ ಇನ್ನೊಂದು ಚೀಟಿ ಹರಿಯಬೇಕೆಂಬ ಬುದ್ಧಿ ಯಾವ ವ್ಯವಸ್ಥಾಪಕರಿಗೂ ಹೊಳೆದಿರಲಿಕ್ಕಿಲ್ಲ ಎಂದು ನಾನು ನಂಬಿದ್ದೇನೆ. ನಂಬಿಕೆಯೇ ತಾನೆ ಇಲ್ಲಿ ಮುಖ್ಯ.

ಬಡರೋಗಿಗೆ ಔಷಧ ಕೊಡುವ, ಹಸಿದವರಿಗೆ ಅನ್ನ ಹಾಕುವ ಸಂಸ್ಥೆಯ ಮೇಲೂ ತೆರಿಗೆ ಹೇರಿ ಎನ್ನುವಷ್ಟು ಕಲ್ಲೆದೆ ನನ್ನದಲ್ಲ. ನನ್ನ ಬೆರಗು ಇರುವುದು ಸರ್ಕಾರದ ದೃಷ್ಟಿಯ ಬಗ್ಗೆ. ಅದಕ್ಕೆ ಅನ್ನ ಕಾಣುವುದಿಲ್ಲ, ಅನ್ನದ ರಸೀದಿ ಮಾತ್ರ ಕಾಣುತ್ತದೆ. ನಿಮ್ಮ ಮನೆಗೆಲಸದವಳ ಮಗಳ ಶಾಲಾ ಶುಲ್ಕವನ್ನು ನೀವೇ ಹೋಗಿ ಕಟ್ಟಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ನಿಮ್ಮ ಸ್ವಂತ ಖರ್ಚು, ಸಿನಿಮಾ ನೋಡಿದ ಹಾಗೆ. ಚಳಿಯಲ್ಲಿ ನಡುಗುವವನಿಗೆ ಕಂಬಳಿ ಹೊದಿಸಿದರೂ ಅಷ್ಟೆ. ದಾನಕ್ಕೆ ತೆರಿಗೆ ಕಡಿತ ಕೊಡುವ ಕಲಮಿಗೆ ವಸ್ತುರೂಪದ ದಾನ ಲೆಕ್ಕಕ್ಕಿಲ್ಲ. ಅದೇ ಹಣವನ್ನು ನೋಂದಾಯಿತ ಟ್ರಸ್ಟೊಂದಕ್ಕೆ ಕೊಟ್ಟಿರಿ ಎನ್ನಿ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಾಮಾನ್ಯವಾಗಿ ಅದರ ಅರ್ಧದಷ್ಟು ಮೊತ್ತಕ್ಕೆ ತೆರಿಗೆಯ ಆದಾಯದಲ್ಲಿ ಕಡಿತ ಸಿಗುತ್ತದೆ. ನೋಟಿನಲ್ಲಿ ಕೊಡುವುದಾದರೆ 2,000 ರೂಪಾಯಿ ಮೀರುವಂತಿಲ್ಲ. ಕರ್ಣ ಈ ಕಾಲದಲ್ಲಿ ಹುಟ್ಟಿದ್ದರೆ ಕವಚ ಕುಂಡಲ ಎರಡೂ ಹೋಗಿ, ಕಡಿತವೂ ಸಿಗದೆ, ಬರಿಮೈಯಲ್ಲಿ ಲೆಕ್ಕಪರಿಶೋಧಕರ ಮುಂದೆ ನಿಂತಿರಬೇಕಾಗಿತ್ತು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳಿದ್ದರಲ್ಲ, ಅದಕ್ಕೂ 2006ರಲ್ಲಿ ತೆರಿಗೆಯ ದರ ನಿಗದಿಯಾಯಿತು. ಹೆಸರು ಹೇಳದೆ ಒಂದು ಅನಾಥಾಲಯಕ್ಕೆ ಹಣ ಕೊಟ್ಟು ಬನ್ನಿ. ಅಂಥ ದೇಣಿಗೆ ಒಂದು ಮಿತಿ ದಾಟಿದರೆ ಶೇ. 30 ತೆರಿಗೆ, ಅದೂ ಅನಾಥಾಲಯದ ತಲೆಯ ಮೇಲೆ. ಹೆಸರು ಹೇಳದೆ ಹುಂಡಿಗೆ ಹಾಕಿ; ಸಂಪೂರ್ಣ ಧಾರ್ಮಿಕ ಟ್ರಸ್ಟ್ ಆಗಿದ್ದರೆ ಅದಕ್ಕೆ ಈ ತೆರಿಗೆಯೇ ತಗಲುವುದಿಲ್ಲ. ದೇವರು ಎಲ್ಲರ ಹೆಸರನ್ನೂ ಬಲ್ಲ ಎಂಬುದು ಇಲಾಖೆಯ ತರ್ಕವಿರಬೇಕು. ಅವನ ಪ್ಯಾನ್ ಸಂಖ್ಯೆ ಕೇಳುವವರು ಯಾರು?

ದಾನಧರ್ಮದ ಮೈದಾನ ಇನ್ನೂ ವಿಶಾಲವಾದದ್ದು. ಕ್ರಿಕೆಟ್ ಮಂಡಳಿಯೂ ಧರ್ಮಾರ್ಥ ಸಂಸ್ಥೆಯೆಂದು ವಿನಾಯಿತಿ ಕೇಳಿಕೊಂಡು ಬಂದ ಸಂಸ್ಥೆಯೇ. ಐಪಿಎಲ್ ಬರೀ ವ್ಯಾಪಾರ ಎಂದು ಇಲಾಖೆ ತಕರಾರು ತೆಗೆದಾಗ, 2021ರ ನವೆಂಬರ್‌ನಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ದುಡ್ಡು ಬಂದ ಮಾತ್ರಕ್ಕೆ ಕ್ರಿಕೆಟನ್ನು ಜನಪ್ರಿಯಗೊಳಿಸುವ ಮೂಲ ಉದ್ದೇಶ ಕೆಡುವುದಿಲ್ಲ ಎಂದು ಮಂಡಳಿಯ ಪರ ನಿಂತಿತು. ಸರಿ, ಆಡಿಸುವವರದು ಲೋಕೋಪಕಾರ. ನೋಡುವವರದು? 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 40. ಕ್ಯಾಸಿನೊ, ಕುದುರೆ ಜೂಜಿನ ಸಾಲಿನಲ್ಲಿಯೇ ಕೂರಿಸಿದ್ದಾರೆ. ಬಿಸಿಲಿನಲ್ಲಿ ಕುಳಿತು ಧರ್ಮಕಾರ್ಯವನ್ನು ಕಣ್ತುಂಬಿಕೊಂಡವನು ಪಾಪಿ. ಪ್ರಸಾದ ಹಂಚಿದವನಿಗೆ ಪುಣ್ಯ, ತಿಂದವನಿಗೆ ದಂಡ!

ಇಷ್ಟು ಉದಾರವಾದ ಕಾನೂನು ಕನ್ನಡಿಗರ ಪಾಲಿಗೆ ಒಮ್ಮೆ ಬಿಗಿಯಾಗಿತ್ತು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ಗಳನ್ನು ನಡೆಸುತ್ತಿದ್ದ ಲೋಕಶಿಕ್ಷಣ ಟ್ರಸ್ಟ್, ಪತ್ರಿಕೆಯೂ ಜನರಿಗೆ ಶಿಕ್ಷಣವೇ, ಆದ್ದರಿಂದ ವಿನಾಯಿತಿ ಕೊಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1975ರಲ್ಲಿ ಕೋರ್ಟು ಒಪ್ಪಲಿಲ್ಲ. ತೀರ್ಪು ಬರೆದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು ರಸಿಕ ಲೇಖನಿ. ಪ್ರವಾಸದಿಂದಲೂ ತಿಳಿವಳಿಕೆ ಬರುತ್ತದೆ, ನೈಟ್ ಕ್ಲಬ್ಬಿಗೆ ಹೋದರೂ ಬದುಕಿನ ಕೆಲವು ರಹಸ್ಯಗಳು ತಿಳಿಯುತ್ತವೆ, ಪರ್ಸ್ ಕದ್ದವನೂ ಒಂದು ಪಾಠ ಕಲಿಸಿ ನಮ್ಮನ್ನು ಬಡವರನ್ನಾಗಿಸಿದರೂ ಜಾಣರನ್ನಾಗಿಸುತ್ತಾನೆ. ಆದರೆ ತೆರಿಗೆ ಕಾಯ್ದೆ ಹೇಳುವ ಶಿಕ್ಷಣ ಇದಲ್ಲ, ಅದಕ್ಕೆ ಶಾಲೆಯ ಕ್ರಮಬದ್ಧ ಬೋಧನೆ ಬೇಕು ಎಂದರು.

ಹೀಗಾಗಿ ಪತ್ರಿಕೆ ಓದಿ ಕಲಿತದ್ದು ಲೆಕ್ಕಕ್ಕೆ ಬರಲಿಲ್ಲ. ಸೀಟಿಗಾಗಿ ಹೊಲ ಮಾರಿ, ರಸೀದಿ ಇಲ್ಲದ ಕಂತೆಯನ್ನು ವೃತ್ತಿಶಿಕ್ಷಣ ಟ್ರಸ್ಟೊಂದರ ಹಿಂದಿನ ಕೋಣೆಯಲ್ಲಿ ಎಣಿಸಿ ಕೊಟ್ಟು ಬಂದ ತಂದೆ ಕಲಿತ ಪಾಠ ಮಾತ್ರ ನೋಂದಾಯಿತ ಸಂಸ್ಥೆಯಲ್ಲೇ ಕಲಿತದ್ದು. ಅವನೂ ಬಡವನಾದ, ಜಾಣನಾದ. ಎದುರಿಗೆ ಕುಳಿತವರ ಹಿಂದಿನ ಗೋಡೆಯಲ್ಲಿ ಸರಸ್ವತಿಯ ಪಟ, ಅದರ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ನೋಂದಣಿ ಪತ್ರ. ಬಸ್ ನಿಲ್ದಾಣದ ಜೇಬುಗಳ್ಳನಿಗೆ ಕೈಚಳಕವೇನೋ ಇತ್ತು, ಒಳ್ಳೆಯ ಲೆಕ್ಕಪರಿಶೋಧಕ ಸಿಗಲಿಲ್ಲ.