ಬೆಲ್ಲ ತಿಂದರೆ ಶುಗರ್ ಏರಲ್ವಾ? ಸತ್ಯಾಂಶ ಇಲ್ಲಿದೆ

‘ಸಕ್ಕರೆ ಬಿಟ್ಟು ಬೆಲ್ಲ ತಿನ್ನಿ, ಶುಗರ್ ಇದ್ದವರಿಗೂ ಏನೂ ಆಗಲ್ಲ’ ಎನ್ನುವ ಮೆಸೇಜು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ನಿಜವಲ್ಲ.

ಮಂಡ್ಯದ ಆಲೆಮನೆ ನೋಡಿದವರಿಗೆ ಗೊತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಮೇಲೆ ಬಂದ ಕೊಳೆ ತೆಗೆಯುತ್ತಾರೆ, ಪಾಕ ಹದಕ್ಕೆ ಬಂದ ಮೇಲೆ ಅಚ್ಚಿಗೆ ಹಾಕುತ್ತಾರೆ. ಆರಿ ಹೋಗುವುದು ನೀರು, ಸಿಹಿಯಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ. ಒಂದಿಷ್ಟು ಕಬ್ಬಿಣದ ಅಂಶ ಉಳಿದಿರುತ್ತದೆ, ನಿಜ. ಆದರೆ ಅದು ಶುಗರ್ ಏರುವುದನ್ನು ತಡೆಯಲ್ಲ.

ಹಂಚುವವರು ಒಳ್ಳೆಯದಾಗಲಿ ಅಂತಲೇ ಹಂಚುತ್ತಾರೆ. ವರ್ಷಗಟ್ಟಲೆ ಪಥ್ಯ ಮಾಡಿ ಸಾಕಾದವರಿಗೆ ಇಂಥ ಮಾತು ಎಷ್ಟು ಹಿತ ಅನ್ನಿಸುತ್ತದೆ ಅಲ್ವಾ?

ನೀವೇ ಪರೀಕ್ಷಿಸಬಹುದು. ಬೆಲ್ಲದ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಸಕ್ಕರೆ ಎಷ್ಟೆಂದು ಓದಿ. ಮನೆಯಲ್ಲಿ ಶುಗರ್ ಅಳೆಯುವ ಗ್ಲುಕೋಮೀಟರ್ ಇದ್ದರೆ ಊಟಕ್ಕೆ ಮುಂಚೆ ಮತ್ತು 2 ಗಂಟೆ ಬಿಟ್ಟು ನೋಡಿ, ಏನು ತಿಂದಿರೆಂದೂ ಬರೆದಿಡಿ. ಎಚ್‌ಬಿಎ1ಸಿ ಎನ್ನುವ ರಕ್ತಪರೀಕ್ಷೆ ಹಿಂದಿನ 2–3 ತಿಂಗಳ ಶುಗರ್‌ನ ಸರಾಸರಿ ತೋರಿಸುತ್ತದೆ. ಮೆಸೇಜಿನಲ್ಲಿ ಎಷ್ಟು ಬೆಲ್ಲ, ಯಾರು ಪರೀಕ್ಷಿಸಿದ್ದು ಎಂದೇ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಕಾಫಿಯ ಸಿಹಿಯನ್ನು ಒಂದೇ ಸಲ ಬಿಡುವುದು ಕಷ್ಟ. ವಾರವಾರ ಸ್ವಲ್ಪ ಕಡಿಮೆ ಮಾಡಿ, ನಾಲಿಗೆ ಒಗ್ಗುತ್ತದೆ. ಸಂಕ್ರಾಂತಿಗೆ ಯಾರಾದರೂ ಎಳ್ಳು-ಬೆಲ್ಲ ಕೊಟ್ಟರೆ ಚೂರು ಬಾಯಿಗೆ ಹಾಕಿಕೊಳ್ಳಿ, ಆದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಮೆಸೇಜು ನಂಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ ಬೆವರು ಬಂದರೆ ಶುಗರ್ ಇಳಿದಿರಬಹುದು. ಆಗ ಸಿಹಿಯೇ ಬೇಕು, ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಂಡಿರಿ.