ಚುಕ್ಕಿ ಇಟ್ರೂ ಎಳ್ಯೋದೇ

ಸಂಗೀತ ಬರ್ದು ನುಡಿಸಿ ಕೇಳಿಸೋ ಈ ನೊಟೇಷನ್ ಸಾಫ್ಟ್‌ವೇರ್‌ಗೆ ಸ್ಟಕಾಟೊ (ಚುಕ್ಕಿ ಇಟ್ಟ ಸ್ವರನ ಚುಟುಕಾಗಿ ನುಡಿಸೋದು) ಅಂದ್ರೆ ಬರೀ ಪರ್ಸೆಂಟೇಜ್ ಲೆಕ್ಕ ಕಣ್ರೀ. ಚುಕ್ಕಿ ಕಂಡ್ರೆ ಸಾಕು ಅರ್ಧಕ್ಕೆ ಕಟ್, ಅದು ಉದ್ದದ ಹಾಫ್ ನೋಟಾ ಚಿಕ್ಕ ಸಿಕ್ಸ್‌ಟೀಂತಾ, ಟೆಂಪೋ ಎಷ್ಟು, ಒಂದನ್ನೂ ನೋಡಲ್ಲ. ಟೆಂಪೋ 60 ಇದ್ರೆ, ಅಂದ್ರೆ ನಿಮಿಷಕ್ಕೆ 60 ಬೀಟ್, ಎರಡು ಬೀಟ್ ಉದ್ದದ ಹಾಫ್ ನೋಟ್ ಸ್ಟಕಾಟೊ ಆದ್ರೂ ಪೂರ್ತಿ ಒಂದು ಸೆಕೆಂಡ್ ಎಳಿಯತ್ತೆ, ಇದನ್ನ ಯಾರಾದ್ರೂ ಸ್ಟಕಾಟೊ ಅಂತಾರಾ? ಅದೇ 160ಕ್ಕೆ ಹೋದ್ರೆ ಸಿಕ್ಸ್‌ಟೀಂತ್ ನೋಟ್ಸೆಲ್ಲ ಟೈಪ್‌ರೈಟರ್ ಕುಟ್ಟಿದಂಗೆ. ಸ್ವರಗಳನ್ನ ಒಂದೇ ಎಳೆತದಲ್ಲಿ ಜೋಡ್ಸಿ ಅನ್ನೋ ಸ್ಲರ್ ಹಾಕಿದ್ರೂ ಪಿಟೀಲು ಪ್ರತಿ ಸ್ವರಕ್ಕೂ ಹೊಸದಾಗಿ ಬಿಲ್ಲು ಹಾಕತ್ತೆ, ಸ್ವರನ ಪೂರ್ತಿ ಹಿಡೀರಿ ಅನ್ನೋ ಟೆನುಟೊ ಗೆರೆನಂತೂ ಕೇಳ್ಲೇಬೇಡಿ, ಇದ್ರೂ ಒಂದೇ ಇಲ್ದಿದ್ರೂ ಒಂದೇ. ಕೊನೆಗೆ ಪ್ಲೇಬ್ಯಾಕ್ ಸರಿ ಬರ್ಲಿ ಅಂತ ಕ್ವಾರ್ಟರ್ ನೋಟ್ ತೆಗ್ದು ಅದರರ್ಧದ ಏಟ್ತ್ ನೋಟ್ ಬರ್ದು ಪಕ್ಕಕ್ಕೆ ರೆಸ್ಟ್ (ಮೌನದ ಗುರುತು) ತುರುಕ್ಬೇಕು, ಆಮೇಲೆ ಅದೇ ಶೀಟ್ ಪ್ರಿಂಟ್ ತೆಗ್ದು ಕೊಟ್ರೆ ನುಡಿಸೋರು ಬೈತಾರೆ, ಏನ್ರೀ ಇದು ಪೇಜ್ ತುಂಬಾ ರೆಸ್ಟೇ ಅಂತ.