ರಿಪೋರ್ಟ್ ಬರುವ ಮೊದಲೇ ಬರೆಯುತ್ತಿದ್ದೇನೆ

ಮೊನ್ನೆ ಸೋಮವಾರ ನನ್ನ ಬಲ ಎದೆಯ ಗಂಟಿಗೆ ಬಯಾಪ್ಸಿ ಆಯಿತು, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಇನ್ನೂ ಬಂದಿಲ್ಲ. ಬಂದ ಮೇಲೆ ಬರೆಯಬಹುದಿತ್ತು. ಆದರೆ ಎಲ್ಲಾ ಸರಿ ಇದೆ ಅಂತ ಗೊತ್ತಾದ ಮೇಲೆ ಧೈರ್ಯದ ಮಾತು ಆಡೋದು ಸುಲಭ ಅಲ್ವಾ? ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಗೆ 'ಬೈರಾಡ್ಸ್ 4ಎ' ಅಂತ ಇತ್ತು. ನನ್ನ ಕಣ್ಣಿಗೆ ಬಿದ್ದದ್ದು ಆ 4 ಒಂದೇ. ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಂದುಕೊಂಡುಬಿಟ್ಟೆ. ಕಾಗದವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. 19 ದಿನ ಯಾರಿಗೂ ಹೇಳಲಿಲ್ಲ. ಹಗಲು ಅಡುಗೆ, ಮಕ್ಕಳ ಡಬ್ಬಿ ಅಂತ ಹೋಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಅದೇ ಅಂಕಿ. ಜೊತೆಗೆ ಯಾರದೋ ಮನೆಯಲ್ಲಿ ಕೇಳಿದ ಮಾತು: "ಸೂಜಿ ಚುಚ್ಚಿದ್ರ ಗಂಟು ಕೆದರಿ ಮೈತುಂಬ ಹರಡ್ತದ."

ಕೊನೆಗೆ ನಾದಿನಿಯ ಮುಂದೆ ಅತ್ತುಬಿಟ್ಟೆ. ಅವಳು ಬೈಯಲಿಲ್ಲ. "ನಡೀರಿ ವೈನಿ, ನಾನೂ ಬರ್ತೀನಿ" ಅಂದಳು, ಅಷ್ಟೇ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಅದು ಸ್ಟೇಜ್ ಅಲ್ಲವೇ ಅಲ್ಲ. ಸ್ಕ್ಯಾನಿಂಗಿನಲ್ಲಿ ಗಂಟಿನ ಮೇಲೆ ಎಷ್ಟು ಅನುಮಾನ ಬಂತು ಅನ್ನುವ ಗುರುತು. 4ಎ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ರಿಂದ 10ರೊಳಗೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಅನ್ನೋದೂ ಸುಳ್ಳು. ಈ ಸುಳ್ಳಿನ ಮೇಲೆ ನನಗೆ ತುಂಬಾ ಸಿಟ್ಟಿದೆ. ಎಷ್ಟು ಹೆಣ್ಣುಮಕ್ಕಳನ್ನು ಇದು ಮನೆಯಲ್ಲೇ ಕೂರಿಸಿದೆಯೋ!

ಒಳಗೆ ಏನು ಮಾಡುತ್ತಾರೆ ಅಂತ ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಈಗ ನಾನು ಹೇಳುತ್ತೇನೆ. ಮೊದಲು ಮರಗಟ್ಟಿಸುವ ಇಂಜೆಕ್ಷನ್. ಅದು ಉರಿಯುತ್ತದೆ, ಇಲ್ಲ ಅನ್ನಲ್ಲ. ಸ್ವಲ್ಪ ಹೊತ್ತಿಗೆ ಉರಿ ಹೋಯಿತು. ಆಮೇಲೆ ಸ್ಕ್ಯಾನಿಂಗ್ ಪರದೆ ನೋಡುತ್ತಾ ಗಂಟಿನ ತನಕ ಸೂಜಿ ಒಯ್ದರು. ಯಾರೋ ಒತ್ತಿ ಹಿಡಿದ ಹಾಗಿತ್ತು, ನೋವಾಗಲಿಲ್ಲ. 'ಟಪ್' ಅಂತ ಸದ್ದು, ಸ್ಟೇಪ್ಲರ್ ಹೊಡೆದಂತೆ. ಮೊದಲೇ ಹೇಳಿದ್ದರೂ ಬೆಚ್ಚಿದೆ. ನಾಲ್ಕು ಸಲ ಟಪ್. ಶಾವಿಗೆ ತುಂಡಿನಂಥ ನಾಲ್ಕು ಎಳೆ, ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಗೆ ಹೋದವು. ಹೊಲಿಗೆ ಇಲ್ಲ. ಒಂದಿಷ್ಟು ಹೊತ್ತು ಒತ್ತಿ ಹಿಡಿದು ಪಟ್ಟಿ ಹಾಕಿದರು. ಅರ್ಧ ಗಂಟೆಯಲ್ಲಿ ಮುಗಿದಿತ್ತು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಅದನ್ನು ಮೊದಲೇ ಹೇಳಿಬಿಡಿ.

ಈಗ ಸ್ವಲ್ಪ ನೀಲಿ ಕಟ್ಟಿದೆ. ಎರಡು ದಿನ ಕೊಡ ಎತ್ತಬೇಡಿ, ರೊಟ್ಟಿ ಬಡಿಯಬೇಡಿ ಅಂದಿದ್ದಾರೆ. ನಾದಿನಿಯೇ ಬಡಿಯುತ್ತಿದ್ದಾಳೆ. ಹೆದರಿಕೆ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿದೆ.

ನಿಮ್ಮ ಟ್ರಂಕಿನಲ್ಲೂ ಇಂಥ ಕಾಗದ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಹೈದರಾಬಾದ್, ಸೊಲ್ಲಾಪುರ ಅಂತ ಓಡಲು ದುಡ್ಡಿಲ್ಲ ಅಂತ ಕೂರಬೇಡಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ನಮ್ಮ ಕಲಬುರಗಿಯಲ್ಲೇ ಇದೆ. ಜೊತೆಗೆ ಬರುವವರು ಯಾರೂ ಇಲ್ಲದಿದ್ದರೆ ನನಗೆ ಮೆಸೇಜ್ ಮಾಡಿ. ಬರುವ ಸೋಮವಾರ ಒಂದು ಬಿಟ್ಟು ಯಾವ ದಿನವಾದರೂ ಬರುತ್ತೇನೆ. ಸೋಮವಾರ ನನ್ನ ರಿಪೋರ್ಟ್ ಬರುತ್ತದೆ.